ಪರದೇಶದ ಬಾಗಿಲಿಗೆ ಬರುವ ಬುತ್ತಿ

ಹೊಲಕ್ಕೆ ಹೋಗುವವನ ಕೈಯಲ್ಲಿ ಬುತ್ತಿ, ಸಂತೆಗೆ ಹೋಗುವವನ ಹೆಗಲಲ್ಲಿ ಬುತ್ತಿ, ಪರಸ್ಥಳಕ್ಕೆ ಕಲಿಯಲು ಹೋಗುವ ಹುಡುಗನ ಟ್ರಂಕಿನಲ್ಲಿ ಬುತ್ತಿ. ಹೀಗೆ ನಮ್ಮ ಬೀದರ ಸೀಮೆಯ ಸಂಸಾರದಲ್ಲಿ ಮನೆಯಿಂದ ಹೊರಬಿದ್ದವನನ್ನು ಮನೆಗೆ ಕಟ್ಟಿಹಾಕಿದ ದಾರವು ಯಾವದೆಂದರೆ ಈ ಬುತ್ತಿಯ ಗಂಟೇ ಆಗಿರುವದು. ಇಂದು ಭಾಲ್ಕಿಯ ತರುಣನು ಶಂಷಾಬಾದದಲ್ಲಿ ವಿಮಾನವನ್ನೇರಿ ಕುವೈತಿಗೋ ದುಬೈಗೋ ನಡೆದಾಗಲೂ ತಾಯಿಯು ಅವನ ಪೆಟ್ಟಿಗೆಯಲ್ಲಿ ಕಟಕ ರೊಟ್ಟಿಯನ್ನೂ ಶೇಂಗಾ, ಅಗಸಿ, ಗುರೆಳ್ಳು ಹಿಂಡಿಗಳನ್ನೂ ಇಡದೆ ಕಳಿಸುವದಿಲ್ಲ. ಆದರೆ ಎಷ್ಟೇ ಕಟಕವಾಗಿದ್ದರೂ ರೊಟ್ಟಿಗೆ ಒಂದು ಕೊನೆ ಉಂಟಷ್ಟೆ. ಗಂಟು ಬರಿದಾದ ರಾತ್ರಿ, ಕೆಲಸದಿಂದ ದಣಿದು ಬಂದ ಆ ಹುಡುಗನು ಒಲೆಯ ಕಡೆಗೆ ನೋಡದೆ ಕೈಯಲ್ಲಿಯ ಮೊಬೈಲಿನ ಕಡೆಗೆ ನೋಡುತ್ತಾನೆ. ನಾಲ್ಕು ಸಲ ಬೆರಳು ಒತ್ತುತ್ತಾನೆ. ಅರ್ಧ ತಾಸಿನೊಳಗೆ ಬಾಗಿಲಿನ ಗಂಟೆ ಬಾರಿಸುತ್ತದೆ. ಬಿಸಿ ಅನ್ನವು ಹೊಸ್ತಿಲಲ್ಲಿ ಬಂದು ನಿಲ್ಲುತ್ತದೆ. ಈ ಅನ್ನವು ಯಾವ ದಾರಿಯಿಂದ ಬಂದಿತು, ಅದಕ್ಕೆ ತೆತ್ತ ಬೆಲೆಯೆಷ್ಟು, ಅದನ್ನು ಹೊತ್ತು ತಂದವನು ಯಾರು, ಎಂಬ ಮೂರು ಪ್ರಶ್ನೆಗಳನ್ನು ನಾವು ಇಂದು ನಮ್ಮ ವಾಚಕರ ಮುಂದೆ ಇಡಬಯಸುತ್ತೇವೆ. ವಿಷಯವು ಕ್ಷುಲ್ಲಕವೆಂದು ಮೊದಲ ನೋಟಕ್ಕೆ ಕಂಡೀತು. ಹಾಗಿಲ್ಲವೆಂಬದು ಮುಂದೆ ತಿಳಿದುಬರುವದು.

ಪರಸ್ಥಳದಲ್ಲಿದ್ದವನಿಗೆ ಅನ್ನವನ್ನು ಮುಟ್ಟಿಸುವ ಕೆಲಸವು ಹೊಸದೇನೂ ಅಲ್ಲ. ೧೯೪೮ರ ಸಪ್ಟಂಬರದ ವರೆಗೆ ಭಾಲ್ಕಿಯು ನಿಜಾಮರ ಆಳಿಕೆಯಲ್ಲಿತ್ತು. ಆಗಿನ ನಮ್ಮ ಜನರಿಗೆ ಸೊಲ್ಲಾಪುರ, ಪುಣೆಗಳೇ ಬೇರೊಂದು ಆಳಿಕೆಯ ಊರುಗಳಾಗಿದ್ದವು. ೧೯೫೬ರ ನವಂಬರ ೧ರಂದು ಹಳೆಯ ಬೀದರ ಜಿಲ್ಲೆಯು ಮೂರು ಪಾಲಾಗಿ, ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಕನ್ನಡ ರಾಜ್ಯವನ್ನು ಸೇರಿದವು. ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಹೋದವು. ಹೀಗೆ ಗಡಿಯನ್ನು ಅಂಗಳದಲ್ಲಿಯೇ ಇಟ್ಟುಕೊಂಡ ಜನರಿಗೆ ಗಡಿ ದಾಟಿ ದುಡಿಯಲು ಹೋಗುವದು ನಿತ್ಯದ ಮಾತಾಯಿತು. ಹೋದಲ್ಲೆಲ್ಲ ಒಬ್ಬಂಟಿಗ ಗಂಡಸರ ಹೊಟ್ಟೆಯ ಚಿಂತೆಯನ್ನು ಖಾನಾವಳಿಗಳು ಹೊತ್ತವು. ತಿಂಗಳಿಗೊಮ್ಮೆ ಹಣ ಕೊಟ್ಟು ಎರಡು ಹೊತ್ತು ರೊಟ್ಟಿ, ಪಲ್ಯ, ಖಾರಬ್ಯಾಳಿ ಉಂಡು ಬರುತ್ತಿದ್ದವರಿಗೆ ಅಡಿಗೆ ಮಾಡಿದ ತಾಯಿಯ ಮುಖವೂ ಗೊತ್ತಿತ್ತು, ಆಕೆಗೆ ಇವರ ಹಸಿವೂ ಗೊತ್ತಿತ್ತು.

ಮುಂಬಯಿಯಲ್ಲಿ ೧೮೯೦ರ ಸುಮಾರಿಗೆ ಮಹಾದೇವ ಹಾವಜಿ ಬಚ್ಚೆ ಎಂಬವರು ಆರಂಭಿಸಿದ ಡಬ್ಬಾವಾಲರ ವ್ಯವಸ್ಥೆಯು ಇನ್ನೊಂದು ಮಾದರಿಯದು. ಮನೆಯಲ್ಲಿ ಬೇಯಿಸಿದ ಅನ್ನವು ಡಬ್ಬಿಯಲ್ಲಿ ಕುಳಿತು, ಬಣ್ಣದ ಮತ್ತು ಅಕ್ಷರದ ಗುರುತುಗಳ ಆಧಾರದಿಂದ ರೈಲುಗಾಡಿ ಹತ್ತಿ ಇಳಿದು, ಮಧ್ಯಾಹ್ನದೊಳಗೆ ಕಚೇರಿಯನ್ನು ಮುಟ್ಟುವದು. ಬರಿದಾದ ಡಬ್ಬಿಯು ಸಂಜೆಗೆ ಅದೇ ದಾರಿಯಿಂದ ಮನೆಗೆ ತಿರುಗುವದು. ಇದರಲ್ಲಿ ಗಮನಿಸತಕ್ಕ ಸಂಗತಿಗಳು ಎರಡು. ಅನ್ನವು ಉಣ್ಣುವವನ ಸ್ವಂತ ಮನೆಯದು; ಹೊರುವವರು ತಮ್ಮದೇ ಸಂಘವನ್ನು ಕಟ್ಟಿಕೊಂಡವರು. ಬೇಯಿಸಿದವರು, ಹೊತ್ತವರು, ಉಂಡವರು ಈ ಮೂವರಲ್ಲಿ ಯಾರೂ ಒಬ್ಬರಿಗೊಬ್ಬರು ಕಾಣದವರಲ್ಲ.

ಇಂದು ಪರದೇಶದಲ್ಲಿ ನಡೆದಿರುವದು ಇದಕ್ಕಿಂತ ಬೇರೆಯಾದ ವ್ಯವಸ್ಥೆ. ೨೦೦೪ರಲ್ಲಿ ಕುವೈತಿನಲ್ಲಿ 'ತಲಬಾತ್' ಎಂಬ ಸಂಸ್ಥೆಯು ಹುಟ್ಟಿತು. ಊಟದ ಬೇಡಿಕೆಗಳನ್ನು ಗಣಕಯಂತ್ರದ ಮೂಲಕ ತೆಗೆದುಕೊಂಡು ಹೊಟೇಲುಗಳಿಗೆ ಮುಟ್ಟಿಸುವದೇ ಅದರ ಉದ್ಯೋಗ. ಇಪ್ಪತ್ತು ವರ್ಷಗಳಲ್ಲಿ ಅದು ಎಷ್ಟು ಬೆಳೆಯಿತೆಂದರೆ, ೨೦೨೪ರ ಡಿಸೆಂಬರದಲ್ಲಿ ದುಬೈಯ ಶೇರು ಪೇಟೆಯನ್ನು ಪ್ರವೇಶಿಸಿದಾಗ ಸುಮಾರು ಇನ್ನೂರು ಕೋಟಿ ಡಾಲರುಗಳ ಶೇರುಗಳು ಮಾರಿಹೋದವು. ಆ ಹೆಸರಿನ ಅರ್ಥವು ಬೇಡಿಕೆಗಳು ಎಂದು. ಬೀದರದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 'ತಲಬ್' ಎಂಬ ಶಬ್ದವು ನಮ್ಮ ಪೇಟೆಯ ಉರ್ದುವಿನಲ್ಲಿ ಇಂದಿಗೂ ನಾಲಗೆಯ ಮೇಲಿದೆ. ಇಂಥ ಸಂಸ್ಥೆಗಳಲ್ಲಿ ವ್ಯವಹಾರದ ರೀತಿಯು ಸಾಮಾನ್ಯವಾಗಿ ಹೀಗಿರುವದು: ಅಡಿಗೆಯು ಹೊಟೇಲಿನವನದು, ಓಡಾಟವು ಮೋಟಾರ ಸೈಕಲ್ಲಿನ ಹುಡುಗನದು, ನಡುವಿನ ಆ್ಯಪು ಮಾತ್ರ ಕಂಪನಿಯದು. ಕೊಲ್ಲಿ ದೇಶಗಳಲ್ಲಿಯಂತೂ ಎಷ್ಟೋ ಸಲ ಆ ಹುಡುಗನನ್ನು ಕಂಪನಿಯು ನೇರವಾಗಿ ನೇಮಿಸಿಕೊಳ್ಳದೆ, ಮೂರನೆಯ ಗುತ್ತಿಗೆದಾರನ ಮೂಲಕ ಪಡೆಯುವದು.

ಹೊಸದಾಗಿ ಹೋದವನಿಗೆ ಈ ವ್ಯವಸ್ಥೆಯಲ್ಲಿ ಮೊದಲು ಎದುರಾಗುವದು ವಿಳಾಸದ ತೊಡಕು. 'ಹಿರೇಮಠದ ಹಿಂದಿನ ಓಣಿ, ಬೇವಿನ ಗಿಡದ ಎದುರಿನ ಮನೆ' ಎಂಬ ವಿಳಾಸವು ಅಲ್ಲಿ ನಡೆಯದು. ಕುವೈತಿನಲ್ಲಿ ಪ್ರದೇಶ, ಬ್ಲಾಕು, ರಸ್ತೆ, ಕಟ್ಟಡದ ಸಂಖ್ಯೆ, ಅಂತಸ್ತು ಇವೆಲ್ಲವನ್ನೂ ಕ್ರಮವಾಗಿ ತುಂಬಬೇಕು. ದುಬೈಯಲ್ಲಿ ಕಟ್ಟಡಗಳ ಪ್ರವೇಶದ್ವಾರಕ್ಕೆ 'ಮಕಾನಿ' ಎಂಬ ಹತ್ತು ಅಂಕಿಗಳ ಸಂಖ್ಯೆಯುಂಟು. ಅದೊಂದನ್ನು ಬರೆದಿಟ್ಟುಕೊಂಡರೆ ಅನ್ನ ತರುವವನ ಅರ್ಧ ಅಲೆದಾಟ ತಪ್ಪುವದು. ಎರಡನೆಯದು ಆಹಾರದ ತೊಡಕು. ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕೆಯನ್ನು ನೋಡಿ ಶಾಕಾಹಾರವೆಂದು ನಂಬುವ ರೂಢಿಯಿದೆ; ಅದು ನಮ್ಮ ಕಾಯಿದೆಯ ಚುಕ್ಕೆಯೇ ಹೊರತು ಜಗತ್ತಿನ ಚುಕ್ಕೆಯಲ್ಲ. ಮಾಂಸವಿಲ್ಲವೆಂದು ಹೇಳಿದ ಪದಾರ್ಥದಲ್ಲಿ ತತ್ತಿಯಾಗಲಿ, ಮೀನಿನ ರಸವಾಗಲಿ, ಎಲುಬಿನ ಸಾರಾಗಲಿ ಇರಬಹುದು. ಶಾಕಾಹಾರಿಗಳ ಮನೆತನದಿಂದ ಹೋದ ಹುಡುಗನು ಸಂಕೋಚವನ್ನು ಬಿಟ್ಟು, ಏನೇನು ಬೇಡವೆಂಬದನ್ನು ಒಂದೊಂದಾಗಿ ಬರೆದು ತಿಳಿಸುವದೇ ಲೇಸು.

ಮೂರನೆಯದು ಭಾಷೆಯ ತೊಡಕು. ನಿಜಾಮರ ಕಾಲದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದ ಸಂಗತಿಯು ನಾಡಿಗೆಲ್ಲ ಗೊತ್ತಿದ್ದದ್ದೇ. ಅಂಥ ಊರಿನ ಹುಡುಗನು ಇಂದು ಅರಬ್ಬಿ, ಇಂಗ್ಲಿಷುಗಳ ಪರದೆಯ ಮುಂದೆ ಕುಳಿತು ತನ್ನ ಊಟವನ್ನು ಹುಡುಕುವನು. ಹೈದರಾಬಾದದ ಬಿರ್ಯಾನಿ ಸಿಕ್ಕೀತು, ಕೇರಳದ ಪರೋಟಾ ಸಿಕ್ಕೀತು, ಉಡುಪಿಯ ದೋಸೆಯೂ ಸಿಕ್ಕೀತು. ಬಿಳಿಜೋಳದ ಬಿಸಿ ರೊಟ್ಟಿ, ಪುಂಡಿಪಲ್ಯ ಮಾತ್ರ ಅಪರೂಪ. ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು, ಅವುಗಳಲ್ಲಿ ನಮ್ಮ ಜೋಳವೂ ಸೇರಿತ್ತು. ಆದರೂ ಜೋಳದ ರೊಟ್ಟಿಯನ್ನು ಪರದೇಶದ ಬಾಗಿಲಿಗೆ ಮುಟ್ಟಿಸುವ ಉದ್ಯಮವು ನಮ್ಮವರ ಕೈಯಿಂದ ಇನ್ನೂ ಹೆಚ್ಚಾಗಿ ಬೆಳೆದಿಲ್ಲ. ಉದ್ಯೋಗವನ್ನು ಅರಸುವ ತರುಣರು ಈ ಕೊರತೆಯನ್ನು ಕೊರತೆಯೆಂದಷ್ಟೇ ನೋಡಬೇಕೇ ಎಂದು ನಾವು ಕೇಳುತ್ತೇವೆ.

ಇನ್ನು ಬೆಲೆಯ ವಿಚಾರ. ಬೆರಳು ಒತ್ತಿ ಕೊಡುವ ಹಣವು ಕೈಯಿಂದ ಎಣಿಸಿ ಕೊಡುವ ಹಣದಷ್ಟು ನೋಯಿಸುವದಿಲ್ಲ. ಇದೇ ಅದರ ಅಪಾಯ. ಹೊಟೇಲಿನ ಗಲ್ಲೆಯ ಬಳಿ ಒಂದು ದರವಿದ್ದರೆ ಆ್ಯಪಿನಲ್ಲಿ ಅನೇಕ ಸಲ ಇನ್ನೊಂದು ದರ; ಅದರ ಮೇಲೆ ಸಾಗಣೆಯ ಹಣ; ಅದರ ಮೇಲೆ ಸೇವೆಯ ಹಣ. ಹೊಟೇಲಿನವನೂ ಪ್ರತಿ ಊಟದ ಮೇಲೆ ಕಂಪನಿಗೆ ಕಮಿಶನ್ನು ತೆರುವನು. ಅದು ಮಿತಿಮೀರುತ್ತದೆಂದು ನ್ಯೂಯಾರ್ಕ ನಗರವು ೨೦೨೧ರಲ್ಲಿ ಸಾಗಣೆಯ ಕಮಿಶನ್ನಿಗೆ ಶೇಕಡಾ ೧೫ರ ಕಟ್ಟನ್ನು ಹಾಕಬೇಕಾಯಿತು. ತಿಂಗಳ ಕೊನೆಗೆ ಊರಿಗೆ ಕಳಿಸುವ ಹಣದಲ್ಲಿ ಕೊರತೆ ಬಿದ್ದಾಗ ಮಗನು ಬಾಡಿಗೆಯ ಮೇಲೆ ದೋಷ ಹೊರಿಸುವನು. ದೋಷವು ಬಹುಶಃ ಬೆರಳಿನದು. ಒಂದು ತಿಂಗಳು ಮಾತ್ರ ಪ್ರತಿಯೊಂದು ಊಟದ ಲೆಕ್ಕವನ್ನು ಕಾಗದದ ಮೇಲೆ ಬರೆದಿಡಲಿ. ನಾಲ್ವರು ಗೆಳೆಯರು ಕೂಡಿ ಒಲೆ ಹೂಡಿದರೆ ಏನು ಉಳಿಯುವದೆಂಬದನ್ನು ಆ ಕಾಗದವೇ ಹೇಳುವದು. ದಣಿದ ದಿನ, ಜ್ವರ ಬಂದ ದಿನ ತರಿಸಿಕೊಂಡು ಉಣ್ಣುವದು ಬೇಡವೆಂದು ನಾವು ಹೇಳುವದಿಲ್ಲ. ಅಂಥ ದಿನಗಳಲ್ಲಿ ಅದು ದೊಡ್ಡ ಉಪಕಾರವೇ ಸರಿ. ದಿನದಿನದ ಚಟವಾಗಬಾರದೆಂಬದಷ್ಟೇ ನಮ್ಮ ಮಾತು.

ಇನ್ನು ಮೂರನೆಯ ಪ್ರಶ್ನೆ: ತಂದವನು ಯಾರು? ನಾವು ಬಲ್ಲ ಭಾಲ್ಕಿಯ ಒಂದು ಓಣಿಯ ಮಾತನ್ನು ಇಲ್ಲಿ ಹೇಳಬೇಕು. ಎದುರುಬದುರಿನ ಎರಡು ಮನೆಗಳ ಹುಡುಗರು ಕೊಲ್ಲಿ ದೇಶಕ್ಕೆ ಹೋಗಿದ್ದಾರೆ. ಒಬ್ಬನು ಇಂಜಿನಿಯರು, ಇನ್ನೊಬ್ಬನು ಊಟದ ಪೆಟ್ಟಿಗೆಯನ್ನು ಮೋಟಾರ ಸೈಕಲ್ಲಿಗೆ ಕಟ್ಟಿಕೊಂಡು ಓಡಾಡುವವನು. ಒಂದು ಸಂಜೆ ಕಟ್ಟೆಯ ಮೇಲೆ ಕುಳಿತ ಇಂಜಿನಿಯರನ ತಂದೆಯು, ರಾತ್ರಿ ಊಟವು ತಡವಾಗಿ ಬಂದಿತೆಂದು ತಂದವನನ್ನು ತನ್ನ ಮಗನು ಹೇಗೆ ಜಬರಿಸಿದನೆಂಬದನ್ನು ನಗುತ್ತ ಬಣ್ಣಿಸಿದರು. ಪಕ್ಕದಲ್ಲಿದ್ದವರು ತುಸು ಹೊತ್ತು ಸುಮ್ಮನಿದ್ದು, "ನಮ್ಮ ಹುಡುಗನಿಗೂ ನಿನ್ನಿ ರಾತ್ರಿ ಯಾರೋ ಹಂಗೇ ಬೈದ್ರಂತ ಅಣ್ಣಾ" ಎಂದರು. ಕಟ್ಟೆಯ ಮೇಲಿದ್ದವರು ಆ ಮೇಲೆ ಮಳೆಯ ಮಾತನ್ನು ಎತ್ತಿಕೊಂಡರು. ಬೈದವನು ಇವನೇ, ಬೈಸಿಕೊಂಡವನು ಅವನೇ ಎಂದು ನಾವು ಹೇಳುವದಿಲ್ಲ. ಇಬ್ಬರ ಊರುಗಳೂ ಬೇರೆ ಬೇರೆ. ಆದರೆ ಒಂದೇ ಓಣಿಯಿಂದ ಹೊರಟ ಇಬ್ಬರಲ್ಲಿ ಒಬ್ಬನು ಬಾಗಿಲಿನ ಒಳಗೂ ಇನ್ನೊಬ್ಬನು ಹೊರಗೂ ನಿಂತಿರುವರೆಂಬದು ಖರೆ. ಒಳಗಿನವನ ಸುಖವನ್ನು ಮಾತ್ರ ಎಣಿಸಿ ಹೊರಗಿನವನ ಕಷ್ಟವನ್ನು ಮರೆಯುವ ಹಕ್ಕು ನಮ್ಮ ಸೀಮೆಗಿಲ್ಲ.

ಆ ಕಷ್ಟದ ಸ್ವರೂಪವನ್ನು ಊರಿನಲ್ಲಿದ್ದವರು ಊಹಿಸುವದು ಸುಲಭವಲ್ಲ. ಬೀದರದ ಬಿಸಿಲೇ ಬಿಸಿಲೆಂದು ತಿಳಿದವರು, ಕುವೈತಿನ ಮಿತ್ರಿಬಾದಲ್ಲಿ ೨೦೧೬ರ ಜುಲೈ ೨೧ರಂದು ೫೩.೯ ಡಿಗ್ರಿ ಸೆಲ್ಸಿಯಸ್ ಉಷ್ಣಮಾನವು ದಾಖಲಾಯಿತೆಂಬದನ್ನು ತಿಳಿಯಬೇಕು. ಅಲ್ಲಿಯ ಸರಕಾರವು ೨೦೨೫ರ ಬೇಸಿಗೆಯಲ್ಲಿ, ಜೂನದಿಂದ ಆಗಸ್ಟದ ವರೆಗೆ, ಬೆಳಗಿನ ೧೧ರಿಂದ ಸಂಜೆ ೪ರ ವರೆಗೆ ಸಾಗಣೆಯ ಮೋಟಾರ ಸೈಕಲ್ಲುಗಳು ಓಡಬಾರದೆಂದು ಕಟ್ಟುಮಾಡಿತು. ಇದು ಸ್ತುತ್ಯವಾದದ್ದು. ಆದರೆ ಊಟಕ್ಕೊಂದರಂತೆ ಹಣ ಪಡೆಯುವವನಿಗೆ ಓಡದ ತಾಸುಗಳು ಗಳಿಸದ ತಾಸುಗಳೂ ಆಗುವವೆಂಬದನ್ನು ಮರೆಯಲಾಗದು. ೨೦೨೨ರ ಮೇ ತಿಂಗಳಲ್ಲಿ ದುಬೈಯಲ್ಲಿ ಒಂದು ಕಂಪನಿಯು ಪ್ರತಿ ಸಾಗಣೆಯ ಹಣವನ್ನು ೧೦.೨೫ ದಿರಹಮುಗಳಿಂದ ೮.೭೫ಕ್ಕೆ ಇಳಿಸಹೊರಟಾಗ, ಮುಷ್ಕರಕ್ಕೆ ಕಾಯಿದೆಯ ಸಮ್ಮತಿಯೇ ಇಲ್ಲದ ಆ ನಾಡಿನಲ್ಲಿ ಹುಡುಗರು ಗಾಡಿಗಳನ್ನು ನಿಲ್ಲಿಸಿ ಕುಳಿತುಬಿಟ್ಟರು; ಕಂಪನಿಯು ತನ್ನ ನಿರ್ಣಯವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಒಂದೂವರೆ ದಿರಹಮಿನ ಸಲುವಾಗಿ ತಮ್ಮ ವೀಸಾಗಳನ್ನೇ ಪಣಕ್ಕೆ ಹಚ್ಚಿದ ಆ ಪರದೇಶಿ ಹುಡುಗರ ಧೈರ್ಯವನ್ನು ನಾವು ಲಘುವಾಗಿ ಎಣಿಸಲಾರೆವು.

ಬೇರೆ ಕಡೆಗಳಲ್ಲಿ ಕಾಯಿದೆಗಳು ನಿಧಾನವಾಗಿ ಎಚ್ಚರಗೊಳ್ಳಹತ್ತಿವೆ. ಸ್ಪೇನ ದೇಶವು ೨೦೨೧ರಲ್ಲಿ ಇಂಥ ಹುಡುಗರನ್ನು ಕಂಪನಿಯ ನೌಕರರೆಂದೇ ಎಣಿಸುವ ಕಾಯಿದೆಯನ್ನು ಮಾಡಿತು. ನ್ಯೂಯಾರ್ಕ ನಗರದಲ್ಲಿ ೨೦೨೩ರ ಡಿಸೆಂಬರದಿಂದ ಇವರಿಗೆ ತಾಸಿಗೆ ೧೭.೯೬ ಡಾಲರುಗಳ ಕನಿಷ್ಠ ಸಂಬಳವು ಗೊತ್ತಾಯಿತು. ೨೦೨೫ರ ಎಪ್ರಿಲ್ ೧ರಿಂದ ಅದು ೨೧.೪೪ ಡಾಲರುಗಳಿಗೆ ಏರಿತು. ನಮ್ಮ ದೇಶದಲ್ಲಿ ೨೦೨೦-೨೧ರಲ್ಲಿ ಇಂಥ ಬಿಡಿಕೆಲಸದವರ ಸಂಖ್ಯೆಯು ೭೭ ಲಕ್ಷವಿತ್ತೆಂದೂ ೨೦೨೯-೩೦ಕ್ಕೆ ಅದು ೨.೩೫ ಕೋಟಿಗೆ ಮುಟ್ಟುವದೆಂದೂ ನೀತಿ ಆಯೋಗವು ೨೦೨೨ರಲ್ಲಿ ಅಂದಾಜು ಮಾಡಿತು. ಇಷ್ಟು ಜನರನ್ನು ಯಾವ ಕಾಯಿದೆಯ ನೆರಳೂ ಇಲ್ಲದೆ ಬಿಡುವದು ಯಾವ ಸರಕಾರಕ್ಕೂ ಭೂಷಣವಲ್ಲ.

ಈ ವಿಷಯದಲ್ಲಿ ನಮ್ಮ ರಾಜ್ಯವು ಹಿಂದೆ ಬಿದ್ದಿಲ್ಲವೆಂದು ಹೇಳಲು ಸಂತೋಷವಾಗುತ್ತದೆ. ೨೦೨೩ರಲ್ಲಿ ರಾಜಸ್ಥಾನವು ದಾರಿ ತೋರಿಸಿತು. ೨೦೨೫ರಲ್ಲಿ ಕರ್ನಾಟಕವು ಮೊದಲು ಸುಗ್ರೀವಾಜ್ಞೆಯನ್ನು ಹೊರಡಿಸಿ, ಬಳಿಕ ವಿಧಾನಮಂಡಲದ ಒಪ್ಪಿಗೆಯಿಂದ ಕಾಯಿದೆಯನ್ನು ಮಾಡಿತು. ಅದರ ಪ್ರಕಾರ ಇಂಥ ಕೆಲಸಗಾರರಿಗಾಗಿ ಒಂದು ಕಲ್ಯಾಣ ಮಂಡಳಿಯೂ ನಿಧಿಯೂ ಏರ್ಪಡುವವು. ಪ್ರತಿ ವ್ಯವಹಾರದಲ್ಲಿ ಕೆಲಸಗಾರನಿಗೆ ಸಲ್ಲುವ ಹಣದ ಮೇಲೆ ಶೇಕಡಾ ೧ರಿಂದ ೫ರ ವರೆಗಿನ ಶುಲ್ಕವನ್ನು ಕಂಪನಿಯು ಆ ನಿಧಿಗೆ ಕಟ್ಟಬೇಕು. ಲಿಖಿತ ಕಾರಣವನ್ನು ಕೊಡದೆ, ೧೪ ದಿವಸಗಳ ಮುನ್ಸೂಚನೆಯಿಲ್ಲದೆ, ಸಾಮಾನ್ಯವಾಗಿ ಯಾರನ್ನೂ ಕೆಲಸದಿಂದ ಕಿತ್ತುಹಾಕಬಾರದು. ಕಾಯಿದೆಯು ಒಳ್ಳೆಯದು, ಅದನ್ನು ನಡೆಯಿಸುವ ಕೈಯೂ ಅಷ್ಟೇ ಒಳ್ಳೆಯದಿರಬೇಕು. ಆದರೆ ಕನ್ನಡ ನಾಡಿನ ಕಾಯಿದೆಯು ಕುವೈತಿನ ರಸ್ತೆಯ ಮೇಲೆ ನಡೆಯದು. ಅಲ್ಲಿ ನಮ್ಮ ಹುಡುಗನನ್ನು ಕಾಯುವದು, ಅವನು ಊರು ಬಿಡುವ ಮುಂಚೆ ನಾವು ವಹಿಸಿದ ಎಚ್ಚರವೊಂದೇ.

ಆ ಎಚ್ಚರವು ಏನೆಂಬದನ್ನು ತಂದೆತಾಯಂದಿರಿಗೂ ನಮ್ಮ ಅಧಿಕಾರಿಗಳಿಗೂ ಸ್ಪಷ್ಟವಾಗಿ ಹೇಳಬೇಕಾಗಿದೆ. ಹತ್ತನೆಯ ಇಯತ್ತೆಯನ್ನು ಪಾಸು ಮಾಡದವರು ಕುವೈತ, ಸೌದಿ, ಯುಎಇ ಮೊದಲಾದ ಗೊತ್ತುಪಡಿಸಿದ ದೇಶಗಳಿಗೆ ದುಡಿಯಲು ಹೋಗುವಾಗ ಭಾರತ ಸರಕಾರದ ವಲಸೆ ಅನುಮತಿಯನ್ನು ಪಡೆಯಬೇಕು. 'ಇ-ಮೈಗ್ರೇಟ್' ಎಂಬ ಸರಕಾರಿ ವ್ಯವಸ್ಥೆಯಲ್ಲಿ ಇದು ನಡೆಯುವದು. ನೋಂದಾಯಿತ ಏಜಂಟನು ತನ್ನ ಸೇವೆಗಾಗಿ ತೆಗೆದುಕೊಳ್ಳಬಹುದಾದ ಹಣವು ೩೦,೦೦೦ ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಅದಕ್ಕಿಂತ ಹೆಚ್ಚು ಕೇಳುವವನು ಯಾರೇ ಇರಲಿ, ಅವನು ಕಾಯಿದೆಯ ಹೊರಗಿನವನು. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ ೨೭೫, ಮೂರು ವರ್ಷಕ್ಕೆ ೩೭೫ ರೂಪಾಯಿಗಳ ಕಂತಿಗೆ ೧೦ ಲಕ್ಷ ರೂಪಾಯಿಗಳ ವಿಮೆ ದೊರೆಯುವದು. ಹೊಲವನ್ನು ಒತ್ತೆಯಿಟ್ಟು ಮಗನನ್ನು ಕಳಿಸುವವರು, ಗಾಡಿಯ ಲೈಸನ್ಸಿನ ಖರ್ಚು ಯಾರದು, ಗಾಡಿಯು ಯಾರದು, ದಂಡ ಬಿದ್ದರೆ ತೆರುವವರು ಯಾರು, ಅಪಘಾತವಾದರೆ ಆಸ್ಪತ್ರೆಯ ಖರ್ಚು ಯಾರದು, ಎಂಬ ನಾಲ್ಕು ಮಾತುಗಳನ್ನು ಕರಾರಿನಲ್ಲಿ ಓದಿಸಿಕೊಂಡ ಮೇಲೆಯೇ ಸಹಿಗೆ ಒಪ್ಪಬೇಕು. ತಾಲೂಕು ಕಚೇರಿಗಳಲ್ಲಿ ಈ ಸಂಗತಿಗಳನ್ನು ಕನ್ನಡದಲ್ಲಿ ಬರೆದು ತೂಗಹಾಕಿದರೆ ಸರಕಾರಕ್ಕೆ ಆಗುವ ವೆಚ್ಚವು ಒಂದು ಹಲಗೆ, ಸ್ವಲ್ಪ ಬಣ್ಣ.

ಬಾಗಿಲಿನ ಒಳಗಿರುವ ನಮ್ಮ ತರುಣರಿಗೂ ಎರಡು ಮಾತುಗಳಿವೆ. ತಡವಾದರೆ ಮಾರ್ಗದ ಗದ್ದಲವನ್ನೋ ಹೊಟೇಲಿನ ವಿಳಂಬವನ್ನೋ ಮೊದಲು ಶಂಕಿಸಿರಿ. ಹೊತ್ತು ತಂದವನನ್ನು ಕೊನೆಗೆ. ಬೇಸಿಗೆಯಲ್ಲಿ ಬಂದವನಿಗೆ ಒಂದು ಲೋಟ ತಣ್ಣೀರು ಕೊಡುವದು ನಮ್ಮ ಸೀಮೆಯ ಹಳೆಯ ಮರ್ಯಾದೆ. ಸಮುದ್ರ ದಾಟಿದ ಮಾತ್ರಕ್ಕೆ ಅದನ್ನು ಬಿಡಬೇಕಾಗಿಲ್ಲ. ಅವನಿಗೆ ಕೊಡುವ ಅಂಕಗಳು ಅವನ ನಾಳಿನ ಕೆಲಸವನ್ನು ನಿರ್ಣಯಿಸಬಲ್ಲವೆಂಬದನ್ನು ನೆನಪಿನಲ್ಲಿಟ್ಟು ಬೆರಳು ಒತ್ತಿರಿ. ಬೇಕಾದುದಕ್ಕಿಂತ ಹೆಚ್ಚು ತರಿಸಿ ಚೆಲ್ಲಬೇಡಿರಿ. ನಮ್ಮ ನೆರೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಅವರ ಪತ್ನಿ ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳದೆ, ತಂದಲ್ಲಿಯೇ ಸುರಿದು ಬರಲು ಕಳಿಸಿದರೆಂಬ ಕಥೆಯನ್ನು ಕೇಳದವರು ನಮ್ಮಲ್ಲಿ ಯಾರು? ಮನೆಗೆ ಬಂದ ಅನ್ನದ ಲೆಕ್ಕವನ್ನು ಅಷ್ಟು ನಿಷ್ಠುರವಾಗಿ ಕೇಳಿದ ಮಣ್ಣು ಇದು.

ಇತ್ತಿತ್ತಲಾಗಿ ಈ ಪದ್ಧತಿಯು ತಿರುಗುಮುರುಗಾಗಿಯೂ ನಡೆಯಹತ್ತಿದೆ. ೨೦೧೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸ್ವಿಗ್ಗಿಯು ೨೦೨೫ರ ಫೆಬ್ರವರಿಯಲ್ಲಿ, ಅಮೇರಿಕಾ, ಕೆನಡಾ, ಇಂಗ್ಲಂಡ, ಯುಎಇ ಮೊದಲಾದ ೨೭ ದೇಶಗಳಲ್ಲಿರುವವರು ಅಲ್ಲಿಂದಲೇ ಭಾರತದಲ್ಲಿರುವ ತಮ್ಮವರಿಗೆ ಊಟವನ್ನು ತರಿಸಿಕೊಡುವ ಅನುಕೂಲವನ್ನು ಮಾಡಿತು. ಮಗನು ಪರದೇಶದಲ್ಲಿ ಬೆರಳು ಒತ್ತಿದರೆ ನಮ್ಮ ನಾಡಿನ ಪಟ್ಟಣದಲ್ಲಿ ಒಂಟಿಯಾಗಿರುವ ತಾಯಿಯ ಬಾಗಿಲಿಗೆ ಊಟ ಬರುವದು. ಕಾಲು ನೋವಿನಿಂದ ಒಲೆಯ ಮುಂದೆ ನಿಲ್ಲಲಾರದ ಮುದುಕಿಗೆ ಇದು ನಿಜವಾದ ಆಸರೆ. ಇದನ್ನು ಹಳಿಯುವದು ಅನ್ಯಾಯ. ಆದರೆ ಅದನ್ನು ತಂದುಕೊಟ್ಟ ಹುಡುಗನನ್ನು ಆಕೆಯು ಒಳಗೆ ಕರೆದು, 'ಯಾ ಊರಪ್ಪ ನಿಂದು? ಉಂಡೀ ಏನು?' ಎಂದು ಕೇಳದೆ ಬಿಡಳು. ಪರದೇಶದಲ್ಲಿ ಕುಳಿತ ಮಗನು ತನ್ನ ಬಾಗಿಲಿನಲ್ಲಿ ನಿಂತವನಿಗೆ ಆ ಪ್ರಶ್ನೆಯನ್ನು ಎಂದಾದರೂ ಕೇಳಿರುವನೇ?

ಎಳ್ಳಮಾಸಿಯ ದಿನ ಬೀದರ ಸೀಮೆಯ ಊರುಗಳು ಬರಿದಾಗಿ ಹೊಲಗಳು ತುಂಬುವವು. ಭಜ್ಜಿ, ಕಡಬು, ರೊಟ್ಟಿ, ಅಂಬಲಿಗಳ ಬುತ್ತಿಯನ್ನು ಹೊತ್ತು ಹೋದವರು ಮೊದಲು ಭೂಮಿತಾಯಿಗೆ ಚರಗವನ್ನು ಚೆಲ್ಲುವರು; ಬಳಿಕ ಹಾದಿಯಲ್ಲಿ ಹೊರಟ ಕಚೇರಿಯ ಕಾರಕೂನನನ್ನೂ ಗುರುತಿಲ್ಲದ ಪ್ರವಾಸಿಯನ್ನೂ ಕೂಗಿ ಕರೆದು ಪಂಕ್ತಿಯಲ್ಲಿ ಕೂಡಿಸುವರು. ಪರದೇಶದಲ್ಲಿ ಮನುಷ್ಯನು ಅನ್ನವನ್ನು ಕರೆಯುವನು. ಆ ದಿನ ನಮ್ಮ ಹೊಲದಲ್ಲಿ ಅನ್ನವು ಮನುಷ್ಯರನ್ನು ಕರೆಯುವದು. ಕಾಲವು ಬದಲಾಗಿದೆ, ದುಡಿಯಲು ಹೋದವರು ತರಿಸಿಕೊಂಡು ಉಣ್ಣಲಿ, ತರುವ ಕೆಲಸದಲ್ಲಿದ್ದವರು ಮಾನದಿಂದ ದುಡಿಯಲಿ. ಆದರೆ ಬುತ್ತಿಯನ್ನು ಬಿಚ್ಚುವ ಮುಂಚೆ ಅದನ್ನು ಹೊತ್ತವನ ಮುಖವನ್ನು ಒಮ್ಮೆ ನೋಡುವ ರೂಢಿಯನ್ನು ನಮ್ಮ ತರುಣರು ಪೆಟ್ಟಿಗೆಯಲ್ಲಿ ಕಟಕ ರೊಟ್ಟಿಯ ಜೊತೆಗೆ ಇಟ್ಟುಕೊಂಡು ಹೋಗಲಿ. ರೊಟ್ಟಿಯು ಹದಿನೈದು ದಿನಗಳಲ್ಲಿ ತೀರುವದು. ಈ ರೂಢಿಯು ತೀರಬಾರದು.